ಕತ್ತೆಗೆ ಕುಡಿಸಿದ ನೀರು

ಮೊವಾಸಿರ್,

'ಪ್ರೀತಿಯ' ಎಂದು ಶುರುಮಾಡಲು ಹೋದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. 'ದ್ರೋಹಿ' ಎಂದು ಬರೆಯಲು ಹೋದೆ, ಅದೂ ಪೂರ್ತಿ ಕೂರಲಿಲ್ಲ. ಹಾಗಾಗಿ ನಿನ್ನ ಅವ್ವ ಇಟ್ಟ ಹೆಸರಷ್ಟನ್ನೇ ಬರೆದಿದ್ದೇನೆ. ಮಿಕ್ಕದ್ದನ್ನು ಈ ಕಾಗದ ಓದಿ ಮುಗಿಸಿದ ಮೇಲೆ ನೀನೇ ಸೇರಿಸಿಕೋ.

ನಿನ್ನ ಮಗಳು ರೊಸಿಲ್ದಾ ಮೊನ್ನೆ ಸಂಘದ ಕಚೇರಿಗೆ ಬಂದಿದ್ದಳು. ಈ ಸಲ ಮೇ ದಿನದ ಊಟಕ್ಕೆ ಆ ಮೊದಲ ಮುಷ್ಕರದ ಹಳಬರನ್ನೆಲ್ಲ ಕರೆದು ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ ಎಂಬ ಸುದ್ದಿ ಅವಳ ಕಿವಿಗೂ ಬಿದ್ದಿದೆ. ಹೊಸಿಲಾಚೆಯೇ ನಿಂತು ಕೇಳಿದಳು: "ಲೂಜಿ ಅತ್ತೆ, ಅಪ್ಪಂಗೂ ಒಂದು ಕುರ್ಚಿ ಹಾಕ್ತೀರಾ? ಆವತ್ತು ಮತದ ಪೆಟ್ಟಿಗೆ ಪೇಟೆ ಮುಟ್ಟಿದ್ದೇ ತನ್ನಿಂದ ಅಂತದೆ ಅಪ್ಪ. ಬೇಕಂತ್ಲೇ ಕಾರು ಏಳೋ ಹಂಗೇ ಬಿಟ್ಟು ಬಂದೆ ಅಂತದೆ. ಕ್ಷೌರದಂಗಡೀಲೂ ಅದೇ ಮಾತು, ಚರ್ಚಿನ ಮೆಟ್ಟಿಲ ಮೇಲೂ ಅದೇ ಮಾತು. ನಿಜವಾ ಅತ್ತೆ?"

ಹುಡುಗಿಗೆ ಕಾಫಿ ಕೊಟ್ಟು ಕಳಿಸಿದೆ. ಉತ್ತರ ಕೊಡಲಿಲ್ಲ. ಅವಳ ಕಣ್ಣು ನಿನ್ನ ಅವ್ವನ ಕಣ್ಣು ಮೊವಾಸಿರ್, ಆ ಕಣ್ಣಿಗೆ ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ. ನಿಜ ಏನೆಂದು ನನಗೂ ಅರ್ಧ ಮಾತ್ರ ಗೊತ್ತು. ಮಿಕ್ಕರ್ಧ ನಿನ್ನ ಹೊಟ್ಟೆಯೊಳಗಿದೆ. ಅದನ್ನು ಕ್ಷೌರದಂಗಡಿಯಲ್ಲಿ ಕಕ್ಕುತ್ತಿದ್ದೀಯಲ್ಲ, ಯಾರ ಮುಂದೆ ಕಕ್ಕಬೇಕೋ ಅವರನ್ನು ಬಿಟ್ಟು, ಅದಕ್ಕೇ ನನಗೆ ಮೈಯೆಲ್ಲ ಉರಿಯುತ್ತಿದೆ.

ನಾವಿಬ್ಬರೂ ಸಕ್ಕರೆ ಕಾರ್ಖಾನೆಯ ಸಾಲುಮನೆಗಳಲ್ಲಿ ಒಂದೇ ಗೋಡೆಯ ಆಚೀಚೆ ಬೆಳೆದವರು. ನಿಮ್ಮ ಕಡೆ ಒಣಮೀನು ಸುಟ್ಟರೆ ನಮ್ಮ ಕಡೆಯ ಮರಗೆಣಸಿನ ಹಿಟ್ಟು ಆ ವಾಸನೆಯಲ್ಲೇ ಹೊಟ್ಟೆಗಿಳಿಯುತ್ತಿತ್ತು. ನಿನಗೆ ಕಬ್ಬಿನ ಕತ್ತಿಗಿಂತ ಸ್ಪ್ಯಾನರ್ ಮೇಲೆ ಪ್ರೀತಿ. ನಿನ್ನ ಸೋದರಮಾವನ ತಗಡಿನ ಶೆಡ್ಡಿನಲ್ಲಿ ಮೈಯೆಲ್ಲ ಎಣ್ಣೆ ಮಾಡಿಕೊಂಡು ಮಲಗಿರುತ್ತಿದ್ದೆ. ಊರು ಬಿಟ್ಟು ಹೋದ ಪಾದ್ರಿ ತನ್ನ ಹಳೆಯ ಫುಸ್ಕಾ ಕಾರನ್ನು ನಮ್ಮ ಸಂಘಕ್ಕೆ ಕೊಟ್ಟಾಗ ಅದನ್ನು ಎಬ್ಬಿಸಿ ನಿಲ್ಲಿಸಿದವನು ನೀನು. ನನಗೆ ಓಡಿಸಲು ಕಲಿಸಿದವನೂ ನೀನು. ಹೆಂಗಸರೆಲ್ಲ ಅದಕ್ಕೆ 'ಕತ್ತೆ' ಎಂದು ಹೆಸರಿಟ್ಟರು. ಗೂನು ಬೆನ್ನು, ಎಂಜಿನ್ನು ಹಿಂದಕ್ಕೆ, ಬುದ್ಧಿಯೂ ಹಿಂದಕ್ಕೆ. ಬೆಳಗಿನ ತಂಪಿನಲ್ಲಿ ಒಂದೇ ಸಲಕ್ಕೆ ಏಳುತ್ತಿತ್ತು. ಕಾದ ಮೇಲೆ ಆರಿಸಿದೆವೋ, ಬಾಲ ತಿರುಚಿದರೂ ಏಳುತ್ತಿರಲಿಲ್ಲ.

ಆ ಶೆಡ್ಡಿನಲ್ಲಿ ನೀನು ಹೇಳಿಕೊಟ್ಟ ಪಾಠ ನನಗೆ ಪ್ರಾರ್ಥನೆಗಿಂತ ಚೆನ್ನಾಗಿ ಬಾಯಿಗೆ ಬರುತ್ತದೆ. "ಮೊದ್ಲು ಕಿವಿ, ಆಮೇಲೆ ಮೂಗು, ಕೊನೇಗೆ ಕೈ ಕಣಮ್ಮಿ. ಕೀಲಿ ತಿರುಗಿಸ್ದಾಗ ಟಕ್ ಅಂತ ಒಂದೇ ಸದ್ದು ಬಂದ್ರೆ ಸ್ಟಾರ್ಟರ್ ಕಾದು ಸತ್ತೈತೆ. ಗರಗರ ತಿರುಗಿಯೂ ಹತ್ಕೊಳ್ಳಲಿಲ್ಲ ಅಂದ್ರೆ ಮೂಗು ಬಿಡು. ಪೆಟ್ರೋಲು ಗಮ್ಮಂತ ಹೊಡೀತಿದ್ರೆ ಕಾರ್ಬುರೇಟರ್ ಕುದ್ದು ಎಂಜಿನ್ನಿಗೆ ಜಾಸ್ತಿ ಕುಡಿಸ್ಬಿಟ್ಟೈತೆ. ಪೆಡಲ್ಲು ಪೂರ್ತಿ ತುಳ್ಕೊಂಡು ತಿರುಗ್ಸು. ವಾಸನೆಯೇ ಇಲ್ಲಾಂದ್ರೆ ಪಂಪಿನ ಮೇಲೆ ಕೈ ಇಡು. ಸುಡ್ತಾ? ಹಂಗಾರೆ ಒಳಗೆ ಪೆಟ್ರೋಲು ಆವಿಯಾಗೈತೆ. ಪಂಪು ಪಾಪ ಆವೀನೇ ಒತ್ಕೊಂಡು ಕೂತೈತೆ, ಕೂಸು ಬತ್ತಿದ ಮೊಲೆ ಚೀಪ್ದಂಗೆ."

ಅದಕ್ಕೆ ಮದ್ದು ಎರಡು. ಪಂಪಿನ ಮೇಲೆ ಒದ್ದೆ ಬಟ್ಟೆ. ಪೆಟ್ರೋಲಿನ ಕೊಳವೆಗೆ ಬಟ್ಟೆ ಒಣಗಿಸುವ ಮರದ ಕ್ಲಿಪ್ಪು. ಮರ ಕಾವು ಹೀರುತ್ತದೆ ಎಂದು ನಮ್ಮ ಕಡೆ ಕಾರಿಟ್ಟವರೆಲ್ಲರ ನಂಬಿಕೆ. ಯಾವ ಫುಸ್ಕಾದ ಹಿಂಬದಿ ಮುಚ್ಚಳ ತೆಗೆದರೂ ಹಲ್ಲು ಕಚ್ಚಿಕೊಂಡ ಒಂದೆರಡು ಕ್ಲಿಪ್ಪು ಇದ್ದೇ ಇರುತ್ತವೆ. ನೀನು ನಿನ್ನ ಅವ್ವನ ದಾರದಿಂದ ಎರಡು ಕದ್ದು ತಂದು ಕತ್ತೆಗೆ ಹಾಕಿದ್ದೆ. ಆ ಕ್ಲಿಪ್ಪಿಲ್ಲದೆ ಗಾಡಿ ಶೆಡ್ಡಿನಿಂದ ಹೊರಗೆ ಬಿಡುತ್ತಿರಲಿಲ್ಲ. ಎರಡರಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ ಎಂದು ನಾನು ಕೇಳಿದ್ದೆ. ನೀನು ನಕ್ಕು ಹೇಳಿದ್ದೆ: "ದೇವ್ರಿಗೂ ಕೈ ಮುಗಿ, ಡಾಕ್ಟ್ರಿಗೂ ತೋರ್ಸು. ವಾಸಿಯಾದ್ರೆ ಸಾಕು. ಯಾರು ಮಾಡಿದ್ರು ಅಂತ ಯಾಕ್ ಕೇಳ್ತೀಯ?"

ಈ ಮಾತನ್ನು ಇಲ್ಲೇ ಇಟ್ಟಿರು. ಮುಂದೆ ಬೇಕಾಗುತ್ತದೆ.

ಆಮೇಲೆ ಒಂದು ದಿನ ನೀನು ಕಾರ್ಖಾನೆಯ ಕಾವಲುಗಾರರ ಖಾಕಿ ಹಾಕಿಕೊಂಡು ಬಂದೆ. ಸೊಂಟದಲ್ಲಿ ರಿವಾಲ್ವರು. ಸಾಲುಮನೆಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ನಾನು ಮುಚ್ಚಲಿಲ್ಲ. ಯಾಕೋ ಎಂದು ಕೇಳಿದೆ. "ಕಬ್ಬು ಕಡಿಯೋರಲ್ಲಿ ಮುದುಕರಾದೋರ್ನ ಎಷ್ಟು ಜನಾನ ನೋಡಿದೀಯ ಲೂಜಿ? ನಂಗೆ ಮುದುಕ ಆಗೋ ಆಸೆ" ಎಂದೆ ನೀನು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಅಪ್ಪಂದಿರು ಕಬ್ಬಿನ ಸಾಲಿನಲ್ಲಿ ಬಿದ್ದು ಸತ್ತವರು. ಹಸಿವು ಮನುಷ್ಯನನ್ನು ಯಾವ ಬಾಗಿಲಿಗೆ ತಳ್ಳುತ್ತದೆ ಎಂಬುದು ಹಸಿದವಳಾದ ನನಗೆ ಗೊತ್ತು. ಆದರೆ ಒಂದು ಬಾಗಿಲೊಳಗೆ ಹೋದವನು ಆಚೆಯವರ ಮುಖಕ್ಕೆ ಕದ ಹಾಕಲೇಬೇಕು ಎಂಬ ಕಾನೂನು ಯಾವ ದಣಿಯೂ ಬರೆದಿರಲಿಲ್ಲ. ಅದನ್ನು ನೀನೇ ಬರೆದುಕೊಂಡೆ.

ಈಗ ಆ ದಿನಕ್ಕೆ ಬರುತ್ತೇನೆ. ಸೈನ್ಯ ದೇಶ ಆಳುತ್ತಿದ್ದ ಕಾಲ. ಮುಷ್ಕರ ಹೂಡಬೇಕಾದರೆ ಕಾನೂನಿನ ಅಕ್ಷರ ಅಕ್ಷರಕ್ಕೂ ಮಣಿಯಬೇಕಿತ್ತು, ಒಂದು ಅಕ್ಷರ ತಪ್ಪಿದರೂ ಮುಂದಾಳುಗಳು ಜೈಲಿಗೆ, ಸಂಘಕ್ಕೆ ಬೀಗ. ಅದಕ್ಕೇ ಗುಟ್ಟಿನ ಮತ. ಪೆಟ್ಟಿಗೆಗಳೆಲ್ಲ ಸಂಜೆ ಕಚೇರಿಯ ಬಾಗಿಲು ಹಾಕುವ ಮೊದಲು ಪೇಟೆಯಲ್ಲಿರಬೇಕು. ಹೊತ್ತು ಮೀರಿ ಬಂದ ಪೆಟ್ಟಿಗೆ ಲೆಕ್ಕಕ್ಕಿಲ್ಲ. ಸರ್ಕಾರದ ಅಧಿಕಾರಿ ಕೈಗಡಿಯಾರ ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಕೂತಿದ್ದ. ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆ ನಮ್ಮ ಪಾವ್ ಸೆಕೊ ತೋಟದ್ದು. ಅದು ತಪ್ಪಿದರೆ ಮತದ ಸಂಖ್ಯೆ ಸಾಲದು, ಮುಷ್ಕರ ಹುಟ್ಟುವ ಮೊದಲೇ ಸತ್ತಂತೆ. ನಿನ್ನ ದಣಿಗೂ ಇದು ಗೊತ್ತಿತ್ತು.

ಗದ್ದೆಯ ಬದುಬದುವಿನಲ್ಲಿ ಮತ ಹಾಕಿಸಿಕೊಂಡು ಬರುವಾಗ ನಡು ಮಧ್ಯಾಹ್ನ. ಪಕ್ಕದಲ್ಲಿ ಮುದುಕ ಅಮಾರೊ, ಸಂಘದ ಸಾಕ್ಷಿ. ಮೇಣಬಟ್ಟೆ ಸುತ್ತಿದ ಪೆಟ್ಟಿಗೆಯನ್ನು ಮೊಮ್ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ಮರಳು ದಾರಿ, ಏರು, ಮೊದಲ ಗೇರಿನಲ್ಲೇ ತೆವಳಿಕೆ. ಸುಟ್ಟ ಕಬ್ಬಿನ ಕಾವು ಎರಡೂ ಕಡೆಯಿಂದ. ಬೆಳಗಿನಿಂದ ನಾನು ಎಂಜಿನ್ನು ಆರಿಸಿರಲಿಲ್ಲ. ಮತ ಹಾಕುವಾಗಲೂ ಅದು ಗೊರಗುಟ್ಟುತ್ತಲೇ ನಿಂತಿತ್ತು. ಆರಿಸಿದರೆ ಅಲ್ಲಿಗೆ ಕತೆ ಮುಗಿಯಿತೆಂದು ನನಗೆ ಗೊತ್ತಿತ್ತು. ಗೊತ್ತಿದ್ದವರು ಇನ್ನೊಬ್ಬರು ಇದ್ದರು, ನೀನು.

ಮೋರಿಯ ಹತ್ತಿರ ನಿಮ್ಮ ಜೀಪು ಅಡ್ಡ ನಿಂತಿತ್ತು. ನಿನ್ನ ಮೇಲಿನವನು, ಜತೊಬಾ, ಬಾನೆಟ್ಟಿನ ಮೇಲೆ ಕೂತು ಬೆರಳಿನಲ್ಲಿ ಹಲ್ಲು ಕೆದಕುತ್ತಿದ್ದ. ನೀನು ಅವನ ಹಿಂದೆ.

"ಏನಮ್ಮಾ ಸಂಘದ ಸಿಂಹಿಣಿ, ಮದುವೆ ದಿಬ್ಬಣ ಎಲ್ಲಿಗೆ ಹೊರಡ್ತು? ಮುದುಕ್ ಮದುಮಗನ್ನ ಬೇರೆ ಕೂರಿಸ್ಕೊಂಡಿದೀಯ" ಎಂದ ಜತೊಬಾ.

"ದಾರಿ ಸರ್ಕಾರದ್ದು. ಜೀಪು ತೆಗೀರಿ" ಎಂದೆ.

"ತೆಗೀತೀವಿ ತೆಗೀತೀವಿ. ಪೆಟ್ಟಿಗೆ ಮುಟ್ಟಬ್ಯಾಡಿ ಅಂತ ದಣಿ ಹೇಳವ್ರೆ. ರೆಸಿಫೆ ಪಟ್ಟಣದಿಂದ ಪೇಪರಿನೋರು ಬಂದು ಕೂತವ್ರಂತೆ. ಅದಕ್ಕೇ ತಲೆ ಕೆಡ್ತಾ ಐತೆ ನಂಗೆ. ಮುಟ್ಟದೆ ನಿಲ್ಲಿಸೋದು ಹೆಂಗೆ?"

ಆಗ ನೀನು ಬಾಯಿ ಬಿಟ್ಟೆ. ನೆನಪಿದೆಯಾ ಮೊವಾಸಿರ್, ಕ್ಷೌರದಂಗಡಿಯಲ್ಲಿ ಈ ಮಾತನ್ನೂ ಹೇಳುತ್ತೀಯಾ? ನನ್ನ ಮುಖ ನೋಡದೆ, ಕತ್ತೆಯ ಕಡೆ ಗದ್ದ ಎತ್ತಿ ಹೇಳಿದೆ: "ಎಂಜಿನ್ ಆರಿಸಕ್ಕೆ ಹೇಳಿ ಸಾಕು. ಕಾದೈತೆ. ಆರಿಸಿದ್ರೆ ಮತ್ತೆ ಏಳಲ್ಲ."

ಅಷ್ಟೇ. ಯಾರ ಮೈಗೂ ಕೈ ಹಾಕಲಿಲ್ಲ, ಪೆಟ್ಟಿಗೆಗೂ ಹಾಕಲಿಲ್ಲ. ಕಾರು ಕೆಟ್ಟು ನಿಂತಿತು, ಪಾಪ, ಹಳೇ ಗಾಡಿ! ಇದಕ್ಕಿಂತ ಚೊಕ್ಕವಾದ ಕೊಲೆಯನ್ನು ನಾನು ಕಂಡಿಲ್ಲ. ಜತೊಬಾ ರಿವಾಲ್ವರಿನ ಹಿಡಿಯಿಂದ ನನ್ನ ಕಿಟಕಿ ತಟ್ಟಿದ. ಅಮಾರೊ ಪೆಟ್ಟಿಗೆಯನ್ನು ಹೊಟ್ಟೆಗೆ ಎಳೆದುಕೊಂಡ, ಒಳಗೆ ಮತದ ಚೀಟಿಗಳು ಸರಸರ ಎಂದವು. ನಾನು ಕೀಲಿ ತಿರುಗಿಸಿದೆ. ಕತ್ತೆ ಒಂದು ಸಲ ಮೈ ಕೊಡವಿ ಸುಮ್ಮನಾಯಿತು. ಆ ಮೌನ ಈಗಲೂ ನನ್ನ ಕಿವಿಯಲ್ಲಿದೆ.

"ಈಗ ಹಚ್ಚು ನೋಡಾನ" ಎಂದ ಜತೊಬಾ. ಹಚ್ಚಿದೆ. ಗರಗರ. "ಇನ್ನೊಂದ್ ಸಲ." ಗರಗರ. ಬ್ಯಾಟರಿ ಮುದುಕನ ಉಸಿರಿನಂತೆ ಎಳೆಯುವವರೆಗೂ ಹಚ್ಚಿಸಿದ. ಸೀಟಿನ ಕೆಳಗಿದ್ದ ನಮ್ಮ ನೀರಿನ ಡಬ್ಬಿ ಎಳೆದುಕೊಂಡು ಕುಡಿದ, ಮುಖ ತೊಳೆದ, ಮಿಕ್ಕಿದ್ದನ್ನು ಮರಳಿಗೆ ಚೆಲ್ಲಿದ. ಚೆಲ್ಲಿದ ನೀರನ್ನು ನೆಲ ಹೀರುವುದನ್ನು ನೀನು ನೋಡುತ್ತಿದ್ದೆ. ಆಮೇಲೆ ಹಿಂದಕ್ಕೆ ಹೋಗಿ ಮುಚ್ಚಳ ಎತ್ತಿದೆ. ಪಂಪಿನ ಮೇಲಿದ್ದ ಬಟ್ಟೆ ಒಣಗಿ ಹಪ್ಪಳವಾಗಿತ್ತು, ಅದನ್ನು ನೀನು ಮುಟ್ಟಲಿಲ್ಲ. ಕೊಳವೆಗೆ ಕಚ್ಚಿಸಿದ್ದ ಎರಡು ಕ್ಲಿಪ್ಪು ಬಿಡಿಸಿಕೊಂಡೆ. ಅಂಗಿಯ ಜೇಬಿಗೆ ಹಾಕಿಕೊಂಡೆ.

"ಇದಿಲ್ದೆ ಇದು ಏಳಲ್ಲ" ಎಂದೆ ನೀನು.

ಜತೊಬಾ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಊರಿನಲ್ಲೂ ಎಲ್ಲರ ಕಾರಿನಲ್ಲೂ ಕ್ಲಿಪ್ಪು ಇತ್ತಲ್ಲ, ನಂಬಿದ. "ಊಟ ಮುಗಿಸ್ಕೊಂಡು ಬರ್ತೀವಿ. ಪೆಟ್ಟಿಗೆ ಹೊತ್ಕೊಂಡು ಕಾಲ್ನಡಿಗೇಲಿ ಹೊರಟ್ರೋ, ಒಂಟಿ ದಾರಿ ನೋಡಿ, ಏನಾರ ಆದ್ರೆ ನಮ್ಮನ್ನ ಕೇಳಬ್ಯಾಡಿ" ಎಂದ. ಜೀಪು ಹೋಯಿತು.

ನಾನು ಸ್ಟೀರಿಂಗಿಗೆ ಹಣೆ ಚಚ್ಚಿಕೊಂಡೆ. ಆಮೇಲೆ ನಿನ್ನ ಪಾಠವನ್ನೇ ನಿನ್ನ ವಿರುದ್ಧ ಹೇಳಿಕೊಂಡೆ. ಕಿವಿ: ಗರಗರ ತಿರುಗಿತ್ತು, ಸ್ಟಾರ್ಟರ್ ಬದುಕಿದೆ. ಮೂಗು: ಪೆಟ್ರೋಲಿನ ಸುಳಿವೇ ಇಲ್ಲ. ಕೈ: ಪಂಪು ಮುಟ್ಟಿದೆ, ಬೆರಳ ತುದಿಯ ಚರ್ಮ ಅಲ್ಲೇ ಉಳಿಯಿತು. ನೀರು ಬೇಕು, ಮೋರಿ ಬತ್ತಿತ್ತು. ಆ ಬಿಸಿಲಿನಲ್ಲಿ ತಾನಾಗಿ ತಣಿಯುವಷ್ಟರಲ್ಲಿ ಜೀಪು ವಾಪಸಾಗುತ್ತದೆ. ಹಳ್ಳದಲ್ಲಿ ಹರಿಯುತ್ತಿದ್ದದ್ದು ಕಾರ್ಖಾನೆ ಬಿಟ್ಟ ಕೊಳೆ, ಅದೂ ಗುಡ್ಡದಾಚೆ.

ಅಮಾರೊ ತನ್ನ ಪ್ಯಾಂಟಿನ ಗುಂಡಿಗೆ ಕೈ ಹಾಕಿ ಮುಖ ಸಣ್ಣಗೆ ಮಾಡಿಕೊಂಡ. "ಉಚ್ಚೆನಾರ ಹೊಯ್ಯಾನ ಅಂದ್ರೆ ಬೆಳಿಗ್ಗೆಯಿಂದ ಒಂದ್ ಗುಟುಕು ಕುಡಿದಿಲ್ಲ ಕಣಮ್ಮಿ. ಎಲ್ಲಿಂದ ತರ್ಲಿ?"

ನಗು ಬಂತು, ಅದರ ಹಿಂದೆಯೇ ಅಳು ಬಂತು. ಆಗ ಕಬ್ಬಿನ ಗೋಡೆ ಅಲುಗಾಡಿತು.

ನಿನ್ನ ಅವ್ವ ಮೊದಲು ಬಂದಳು, ದೋನ ಬಿಯು. ಮಸಿಯಿಂದ ಕಪ್ಪಾದ ಮುಖದಲ್ಲಿ ಕಣ್ಣು ಮಾತ್ರ ಬೆಳ್ಳಗೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ನೀರಿನ ಸೋರೆಬುರುಡೆ. ಅವಳ ಹಿಂದೆ ಆ ಗದ್ದೆಯ ಹೆಂಗಸರೆಲ್ಲ, ಒಬ್ಬೊಬ್ಬರ ಸೊಂಟದಲ್ಲೂ ಬುರುಡೆಯೋ ಡಬ್ಬಿಯೋ. ಸಂಜೆವರೆಗಿನ ನೀರು ಅದು. ಮೇಸ್ತ್ರಿ ಹಿಂದಿನಿಂದ ಅರಚುತ್ತಿದ್ದ, ಸಾಲು ಬಿಟ್ಟು ಎಲ್ಲಿಗೆ ಹೊರಟ್ರಿ ಎಂದು. ನಿನ್ನ ಅವ್ವ ತಿರುಗಿಯೂ ನೋಡದೆ ಕೂಗಿದಳು: "ಉಚ್ಚೆಗೆ ಹೊರಟಿದೀವಿ ಮೇಸ್ತ್ರಿ! ಜೀರುಂಡೆ ಹಂಗೆ ಹಾರಾಡಬ್ಯಾಡ, ಬೇಕಾದ್ರೆ ಬಂದು ಬೊಗಸೆ ಹಿಡಿ!"

ಕಬ್ಬಿನ ಸಂದಿಯಿಂದ ಎಲ್ಲ ನೋಡಿದ್ದವಳು ನನ್ನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದಳು. "ಆರಿಸು ಅಂದಿದ್ದು ಯಾರು? ನನ್ ಮಗನಾ?"

ನಾನು ಹೌದೆಂದು ತಲೆಯಾಡಿಸಿದೆ. ಅವಳು ಬುರುಡೆಯ ಬಿರಡೆ ಹಲ್ಲಿನಿಂದ ಕಿತ್ತು ಉಗಿದಳು.

ನೀರು ಸುಮ್ಮನೆ ಸುರಿಯುವ ಹಾಗಿಲ್ಲ ಎಂದು ನಿನಗೆ ಗೊತ್ತು. ಪಕ್ಕದಲ್ಲೇ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಅದು ನೆನೆದರೆ ಪೆಟ್ರೋಲು ಬಂದರೂ ಗಾಡಿ ಹೆಣ. ಮುಚ್ಚಲು ಏನೂ ಇರಲಿಲ್ಲ, ಪೆಟ್ಟಿಗೆಗೆ ಸುತ್ತಿದ್ದ ಮೇಣಬಟ್ಟೆ ಬಿಟ್ಟರೆ. ಅಮಾರೊ ಪೆಟ್ಟಿಗೆ ಎದೆಗೆ ಅವುಚಿಕೊಂಡ. "ಇದ್ನ ಬಿಚ್ಚಿದ್ರೆ ಮುದ್ರೆ ಒಡೆದ್ರಿ ಅಂತಾರೆ!" ಮುದ್ರೆ ಪೆಟ್ಟಿಗೆಯ ಬಾಯಿಗಿದೆ, ಅಂಗಿಗಿಲ್ಲ ಮುದುಕಪ್ಪ ಎಂದು ಕಿತ್ತುಕೊಂಡು ಡಿಸ್ಟ್ರಿಬ್ಯೂಟರಿಗೆ ಟೋಪಿ ಹಾಕಿದೆ. ಹಪ್ಪಳವಾದ ಬಟ್ಟೆಯನ್ನು ಪಂಪಿಗೆ ಸುತ್ತಿದೆ.

ನಿನ್ನ ಅವ್ವ ಬಗ್ಗಿ ಸಣ್ಣ ಧಾರೆಯಾಗಿ ಬಿಟ್ಟಳು. ಚುಂಯ್ ಎಂದು ಹಬೆಯೆದ್ದಿತು. "ಕುಡಿ ನನ್ ಮಗನೆ, ಕುಡಿ" ಎಂದಳು ಕತ್ತೆಗೆ. "ಅವಂಗೆ ಕುಡಿಸಿದ ಹಾಲು ದಣಿ ಮನೆ ನಾಯಿಗೆ ಹೋಯ್ತು. ನೀನಾರ ಕುಡ್ದು ಎದ್ದೇಳು."

ಒಬ್ಬೊಬ್ಬರಾಗಿ ಬಂದರು. ಕಾದ ಕಬ್ಬಿಣದ ಮೇಲೆ ಕುಡಿಯುವ ನೀರು ಬೀಳುವ ಸದ್ದು ಮಾತ್ರ. ಮೊಲೆ ಕುಡಿಯುವ ಕೂಸಿನ ತಾಯಿ ಕಿತೇರಿಯ ತನ್ನ ಡಬ್ಬಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹಿಂದೆ ನಿಂತಿದ್ದಳು. ಕೊನೆಗೆ ಬಂದು, "ನಂದು ಅರ್ಧ ಅಷ್ಟೇ ಅಕ್ಕಾ, ಮನೇಲಿ ಕೂಸೈತೆ" ಎಂದಳು, ತಪ್ಪು ಮಾಡಿದವಳ ಹಾಗೆ. "ಅರ್ಧ ಸಾಕು ಕಣೇ. ಕತ್ತೆಗೂ ನಾಚಿಕೆ ಐತೆ" ಎಂದಳು ನಿನ್ನ ಅವ್ವ. ಕಿತೇರಿಯ ಅರ್ಧ ಎಂದು ಹೇಳಿ ಮುಕ್ಕಾಲು ಸುರಿದದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿ ಮುಖ ತಿರುಗಿಸಿಕೊಂಡಳು.

ಪಂಪಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಸುಡಲಿಲ್ಲ. ಕಾರ್ಬುರೇಟರಿನಿಂದ ಕೊಳವೆ ಕಳಚಿ ಬಾಯಿ ಹಾಕಿ ಎಳೆದೆ. ಬರೀ ಗಾಳಿ. ಮತ್ತೆ ಎಳೆದೆ. ಕೊಳವೆಯೊಳಗೆ ಏನೋ ಕೊಳಕ್ ಎಂದಿತು. ಮೂರನೆಯದಕ್ಕೆ ಬಾಯಿ ತುಂಬ ಪೆಟ್ರೋಲು, ಮೂಗಿನಲ್ಲೂ ಕಣ್ಣಿನಲ್ಲೂ. ಉಗಿದೆ. ಆ ಉರಿಗಿಂತ ಸಿಹಿಯಾದದ್ದು ನನ್ನ ನಾಲಿಗೆ ಕಂಡಿಲ್ಲ. ಕೊಳವೆ ಸಿಕ್ಕಿಸುತ್ತಿದ್ದಾಗ ಅಮಾರೊ ಚೀರಿದ: "ಧೂಳು! ಧೂಳು ಬತ್ತಾ ಐತೆ!"

ಕಾರ್ಖಾನೆಯ ಕಡೆಯ ದಾರಿಯಲ್ಲಿ ಕೆಂಪು ಧೂಳಿನ ಬಾಲ ಎದ್ದಿತ್ತು. ನಿಮ್ಮ ಊಟ ಇಷ್ಟು ಬೇಗ ಹೇಗೆ ಮುಗಿಯಿತೋ. ಬ್ಯಾಟರಿ ಸತ್ತಿತ್ತು. ಹೆಂಗಸರಿಗೆ ಹೇಳುವ ಅಗತ್ಯವೇ ಬೀಳಲಿಲ್ಲ, ಕತ್ತಿಗಳನ್ನು ಸೊಂಟಕ್ಕೆ ಸಿಕ್ಕಿಸಿ ಕತ್ತೆಯ ಗೂನು ಬೆನ್ನಿಗೆ ಹೆಗಲು ಕೊಟ್ಟಿದ್ದರು. ನಾನು ಎರಡನೇ ಗೇರಿಗೆ ಹಾಕಿ ಕ್ಲಚ್ಚು ತುಳಿದು ಹಿಡಿದೆ. ಮರಳು ಚಕ್ರ ಬಿಡಲೊಲ್ಲದು. "ಏಳ್ರೇ! ದಣಿ ಹೆಂಡ್ರು ಹೆರಿಗೆ ಮಾಡ್ದಂಗೆ ಮುಕ್ಕರೀಬ್ಯಾಡ್ರಿ, ಬಡವ್ರು ಹೆತ್ತಂಗೆ ಒಂದೇ ಸಲ ತಳ್ರೇ!" ನಿನ್ನ ಅವ್ವನದೇ ಗಂಟಲು. ಗಾಡಿ ಉರುಳಿತು. ಕ್ಲಚ್ಚು ಬಿಟ್ಟೆ. ಕೆಮ್ಮಿತು. ನಿಂತಿತು ಎಂದುಕೊಂಡೆ. ಇನ್ನೊಮ್ಮೆ ಕೆಮ್ಮಿತು, ಆಮೇಲೆ ಇಡೀ ಮೈ ಅದುರಿ, ಕಪ್ಪು ಹೊಗೆ ಉಗುಳಿ, ಕತ್ತೆ ಎದ್ದಿತು. ನಾನು ನಿಲ್ಲಿಸಿ ಕೃತಜ್ಞತೆ ಹೇಳುವ ಹಾಗಿರಲಿಲ್ಲ. ಕನ್ನಡಿಯಲ್ಲಿ ಕಂಡದ್ದು ಇಷ್ಟು: ಕಪ್ಪು ಹೆಂಗಸರ ಗುಂಪು ನಮ್ಮ ಹಿಂದೆ ದಾರಿಯ ತುಂಬ ಹರಡಿಕೊಂಡು, ಬರುತ್ತಿದ್ದ ಜೀಪಿನ ಕಡೆಗೆ ಮುಖ ಮಾಡಿ ನಿಂತಿತು.

ಪೆಟ್ಟಿಗೆ ಹೊತ್ತಿಗೆ ಮುಂಚೆ ಮುಟ್ಟಿತು. ಅಧಿಕಾರಿ ಕೈಗಡಿಯಾರ ಕಟ್ಟಿಕೊಂಡು ಎದ್ದು ನಿಂತ. ಮುಂದಿನದನ್ನು ಇಡೀ ರಾಜ್ಯವೇ ಬಲ್ಲದು. ಆದರೆ ಆ ದಾರಿಯಲ್ಲಿ ಏನಾಯಿತೆಂದು ಬಲ್ಲವರು ಅಲ್ಲಿದ್ದವರು ಮಾತ್ರ. ನನಗೆ ಹೇಳಿದವಳು ಕಿತೇರಿಯ. ಜತೊಬಾ ಗಾಳಿಗೆ ಒಂದು ಗುಂಡು ಹಾರಿಸಿದನಂತೆ. ಯಾರೂ ಜರುಗಲಿಲ್ಲವಂತೆ. ನಿನ್ನ ಅವ್ವ ಜೀಪಿನ ಮೂತಿಗೆ ಹೊಟ್ಟೆ ತಾಗುವಷ್ಟು ಹತ್ತಿರ ಬಂದು, ಜತೊಬಾನನ್ನು ಬಿಟ್ಟು, ನಿನ್ನನ್ನು ನೋಡಿ ಹೇಳಿದಳಂತೆ: "ಗುಂಡು ಹಾಕೋದಾದ್ರೆ ಮೊದ್ಲು ಒಂದ್ ಗುಟುಕು ನೀರ್ ಕೊಡು ಮಗಾ. ಬಾಯಿ ಒಣಗೈತೆ. ನಮ್ ನೀರೆಲ್ಲ ನಿನ್ ಕತ್ತೆ ಕುಡೀತು."

ನಿನ್ನ ಕಾಲ ಬಳಿಯೇ ಜೀಪಿನ ನೀರಿನ ಕ್ಯಾನು ಇತ್ತಂತೆ. ತುಂಬಿತ್ತಂತೆ. ನೀನು ತಲೆ ತಗ್ಗಿಸಿದೆಯಂತೆ. ಅಷ್ಟೇ.

ಜೀಪು ಬಂದ ದಾರಿಯಲ್ಲೇ ಹಿಂತಿರುಗಿದ ಮೇಲೆ, ಆ ಮಧ್ಯಾಹ್ನ ಹೆಂಗಸರು ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಕತ್ತಿ ಬೀಸಿದರು. ಕೊನೆಗೆ ನಿನ್ನ ಅವ್ವ ಒಂದು ಜಲ್ಲೆ ಸಿಗಿದು ಬಾಯಿಗಿಟ್ಟಳು. ದಣಿಯ ಕಬ್ಬು ಚೀಪಿದವರಿಗೆ ಏನಾಗುತ್ತಿತ್ತು ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಆ ಬೆತ್ತ ನಿನ್ನ ಕೈಯಲ್ಲೇ ಇತ್ತು. ಅವಳು ಚೀಪಿದಳು. ಮಿಕ್ಕವರೂ ಚೀಪಿದರು, ಮೇಸ್ತ್ರಿಯ ಕಣ್ಣೆದುರೇ ಸಿಪ್ಪೆ ಉಗಿಯುತ್ತ. ಅವನು ಬಾಯಿ ಬಿಡಲಿಲ್ಲವಂತೆ. ಮುಷ್ಕರ ಮತ ಎಣಿಸಿದ ಮೇಲೆ ಶುರುವಾಯಿತು ಎಂದು ಭಾಷಣದಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೇನೆ. ನಿಜಕ್ಕೂ ಅದು ಶುರುವಾದದ್ದು ಆ ಸಿಪ್ಪೆಯಿಂದ.

ಈಗ ನಿನ್ನ ಕ್ಲಿಪ್ಪಿನ ವಿಷಯ.

ಕೊಳವೆಗೆ ಕ್ಲಿಪ್ಪಿಲ್ಲದೆ ಕತ್ತೆ ಆವತ್ತು ಎದ್ದಿತು. ಮುಂದೆಯೂ ಎಷ್ಟೋ ವರ್ಷ ಒದ್ದೆ ಬಟ್ಟೆಯಿಂದಲೇ ಎದ್ದಿತು, ಮತ್ತೆ ನಾನು ಕ್ಲಿಪ್ಪು ಹಾಕಲೇ ಇಲ್ಲ. ವಾಸಿ ಮಾಡುತ್ತಿದ್ದದ್ದು ಡಾಕ್ಟರು ಎಂದು ನನಗೆ ಆವತ್ತೇ ತಿಳಿಯಿತು. ನಿನಗೆ ಯಾವತ್ತಿನಿಂದ ತಿಳಿದಿತ್ತು ಮೊವಾಸಿರ್? ನನ್ನನ್ನು ಇಷ್ಟು ಕಾಲ ಕೊರೆದದ್ದು ಇದೊಂದೇ. ನೀರು ಚೆಲ್ಲಿದವನು ಜತೊಬಾ. ನೀನು ಬಟ್ಟೆ ಮುಟ್ಟಲಿಲ್ಲ, ಡಿಸ್ಟ್ರಿಬ್ಯೂಟರಿನ ತಂತಿ ಕೀಳಲಿಲ್ಲ. ಒಂದು ತಂತಿ ಕಿತ್ತಿದ್ದರೆ ಅಟ್ಲಾಂಟಿಕ್ ಸಮುದ್ರವನ್ನೇ ತಂದು ಸುರಿದರೂ ನಾವು ಏಳುತ್ತಿರಲಿಲ್ಲ. ನೀನು ತೆಗೆದದ್ದು ಎರಡು ಚೂರು ಮರ. ಸುತ್ತಲಿನ ಗದ್ದೆಯಲ್ಲಿ ನೀರಿನ ಬುರುಡೆ ಕಟ್ಟಿಕೊಂಡ ಹೆಂಗಸರಿದ್ದಾರೆ ಎಂದೂ ನಿನಗೆ ಗೊತ್ತಿತ್ತು, ಅವರಲ್ಲಿ ಒಬ್ಬಳು ನಿನ್ನನ್ನು ಹೆತ್ತವಳು.

ಹಾಗಾದರೆ ನೀನು ಗೊತ್ತಿದ್ದೇ ಬಿಟ್ಟು ಹೋದೆ ಎನ್ನೋಣ. ಹಾಗೆಂದರೆ, 'ಆರಿಸು' ಎಂದ ಬಾಯಿಗೆ ಏನು ಹೇಳೋಣ? ಅದನ್ನು ಹೇಳದಿದ್ದರೆ ಬಿಟ್ಟು ಹೋಗುವ ಪುಣ್ಯವೇ ಬೇಕಿರಲಿಲ್ಲವಲ್ಲ! ಮನೆಗೆ ಬೆಂಕಿ ಇಟ್ಟು, ಹೊರಡುವಾಗ ಬಾವಿಯ ಹಗ್ಗವನ್ನು ಮಾತ್ರ ಸುಡದೆ ಬಿಟ್ಟವನು ಮನೆ ಉಳಿಸಿದೆ ಎಂದು ಕುರ್ಚಿ ಕೇಳಿದ ಹಾಗಾಯಿತು. ಇಲ್ಲ, ನೀನು ನಿಜವಾಗಿಯೂ ಕ್ಲಿಪ್ಪಿನ ಭಕ್ತನೇ ಆಗಿದ್ದೆ ಎನ್ನೋಣ. ಆಗ ನಮ್ಮ ಮುಷ್ಕರ ನಿನ್ನ ದಡ್ಡತನಕ್ಕೆ ಋಣಿ, ನಿನಗಲ್ಲ.

ಒಮ್ಮೆ ನಿನ್ನ ಅವ್ವನನ್ನು ಕೇಳಿದ್ದೆ. ದಾರಕ್ಕೆ ಬಟ್ಟೆ ಹರವುತ್ತಿದ್ದಳು, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು. ಮೊವಾಸಿರಿಗೆ ಗೊತ್ತಿತ್ತಾ ದೋನ ಬಿಯು, ನೀರಿನಿಂದ ಗಾಡಿ ಏಳುತ್ತದೆಂದು? ಅವಳು ಬಟ್ಟೆಯನ್ನೆಲ್ಲ ಹರವಿ ಮುಗಿಸಿದಳು. ಆಮೇಲೆ ಹೇಳಿದಳು: "ಗೊತ್ತಿರಲಿಲ್ಲ ಅಂದ್ರೆ ದಡ್ಡನ್ನ ಹೆತ್ತೆ. ಗೊತ್ತಿತ್ತು ಅಂದ್ರೆ ಹೇಡಿನ್ನ ಹೆತ್ತೆ. ದಡ್ಡ ಅಂದ್ಕೊಂಡ್ರೆ ರಾತ್ರಿ ನಿದ್ದೆ ಬತ್ತದೆ ಕಣೇ ಲೂಜಿ. ಅದನ್ನೇ ಅಂದ್ಕೊಂಡಿದೀನಿ."

ಹಾಗೆ ಅಂದುಕೊಂಡೇ ಸತ್ತಳು. ನೀನು ಅವಳ ಹೆಣ ಹೊತ್ತೆ, ನಾನು ಹಿಂದೆ ನಡೆದೆ, ನಾವು ಮಾತಾಡಲಿಲ್ಲ. ಈಗ ಅವಳಿಲ್ಲದ ಮೇಲೆ ಕ್ಷೌರದಂಗಡಿಯಲ್ಲಿ ನಿನಗೆ ಧೈರ್ಯ ಬಂದಿದೆ. ಅವಳು ಬದುಕಿದ್ದಾಗ ಗೋಡೆಯಾಚೆಯಿಂದ ಒಂದು ಮಾತು, 'ಅವ್ವಾ, ಗೊತ್ತಿತ್ತು' ಎಂದು ಹೇಳಿದ್ದರೆ? ಅವಳು ನಿನಗೆ ಹೊಡೆಯುತ್ತಿದ್ದಳು. ಹೊಡೆದು, ಗಂಜಿ ಬಡಿಸುತ್ತಿದ್ದಳು. ಆ ಹೊಡೆತಕ್ಕೂ ಆ ಗಂಜಿಗೂ ಎರಡಕ್ಕೂ ಎರವಾದೆಯಲ್ಲೋ ಹುಚ್ಚಪ್ಪಾ.

ಕುರ್ಚಿಯ ವಿಷಯ ಸಂಘದ ಸಭೆಯಲ್ಲಿ ಇಟ್ಟೆ. ನಾನೊಬ್ಬಳೇ ತೀರ್ಮಾನಿಸುವುದಕ್ಕೆ ಇದು ದಣಿಯ ಬಂಗಲೆಯಲ್ಲ. ಆವತ್ತಿನ ಹೆಂಗಸರಲ್ಲಿ ಉಳಿದಿರುವವರು ಕೆಲವರು, ಕಿತೇರಿಯಗೆ ಈಗ ಕಣ್ಣು ಕಾಣುವುದಿಲ್ಲ. ಅವಳೇ ಹೇಳಿದಳು: "ಬರ್ಲಿ ಬಿಡ್ರೇ. ಕುರ್ಚಿ ಬ್ಯಾಡ, ನಮ್ ಎದ್ರಿಗೆ ನಿಂತ್ಕಳ್ಳಿ. ದಡ್ಡನೋ ಹೇಡಿಯೋ ಅವನೇ ಬಾಯಿಬಿಟ್ಟು ಹೇಳ್ಲಿ. ಹೇಳಿದ್ ಮೇಲೆ ಕೂರ್ಲಿ."

ಅದು ಸಭೆಯ ತೀರ್ಮಾನ, ಕೈ ಎತ್ತಿ ಮಾಡಿದ್ದು. ನನ್ನ ಕೈಯೂ ಎದ್ದಿತ್ತು. ಮೇ ದಿನದ ಮಧ್ಯಾಹ್ನ ಬಾ. ಭಾಷಣ ಬೇಡ. ಒಂದು ಪದ ಸಾಕು, ಎರಡರಲ್ಲಿ ಯಾವುದಾದರೂ. ಆ ಎರಡು ಕ್ಲಿಪ್ಪು ಇನ್ನೂ ನಿನ್ನಲ್ಲಿವೆ ಎಂದು ರೊಸಿಲ್ದಾ ಹೇಳಿದಳು, ತಗಡಿನ ಡಬ್ಬಿಯಲ್ಲಿ, ನಿನ್ನ ಗಡ್ಡದ ಬ್ಲೇಡಿನ ಜೊತೆ. ತಾ ಅವನ್ನು. ನಿನ್ನ ಅವ್ವನ ದಾರ ಈಗ ಸಂಘದ ಹಿತ್ತಿಲಲ್ಲಿದೆ, ಮೇಜಿನ ಬಟ್ಟೆಗಳನ್ನು ಅದಕ್ಕೇ ಒಣಹಾಕುತ್ತೇವೆ. ಕಾರಿಗೆ ಅವು ಯಾವತ್ತೂ ಉಪಯೋಗಕ್ಕೆ ಬರಲಿಲ್ಲ. ಬಟ್ಟೆಗೆ ಬರುತ್ತವೆ.

ಊಟಕ್ಕೆ ಮುಂಚೆ ಮಣ್ಣಿನ ಹೂಜಿಯಿಂದ ಕಿತೇರಿಯ ಎಲ್ಲರಿಗೂ ನೀರು ಬಗ್ಗಿಸುತ್ತಾಳೆ, ಪ್ರತಿ ವರ್ಷದ ಪದ್ಧತಿ. ಕಣ್ಣು ಕಾಣದವಳು, ಲೋಟ ಹಿಡಿದ ಕೈ ಯಾರದೆಂದು ನೋಡುವುದಿಲ್ಲ. ಅವಳದು ಯಾವಾಗಲೂ ಅರ್ಧ ಎಂದು ಹೇಳಿ ಮುಕ್ಕಾಲು ಸುರಿಯುವ ಕೈ.

ನಿನ್ನ ಆಸೆಯಂತೆ ಮುದುಕನಾಗಿದ್ದೀಯ. ನಿನ್ನ ಬಾಯಿ ಒಣಗಿದ ಹೊತ್ತಿನಲ್ಲಿ, ನೀನು ಕೊಡದೆ ಹೋದ ಆ ಒಂದು ಗುಟುಕು ನೀರು ನಿನಗೆ ಸಿಗಲಿ.

ಕತ್ತೆ ಓಡಿಸಿದವಳು,
ಗೋಡೆಯಾಚೆಯ ಲೂಜಿನೆತಿ